ಕಸ ಬೇರ್ಪಡಿಸುವುದೂ ಕಾಯಕವೇ



ಹನ್ನೆರಡನೆಯ ಶತಮಾನದ ಶರಣೆ ಸತ್ಯಕ್ಕನ ಕಾಯಕವು ಶಿವಭಕ್ತರ ಮನೆಯಂಗಳದ ಕಸ ಗುಡಿಸುವುದಾಗಿತ್ತು. ಪೊರಕೆ ಹಿಡಿದ ಆ ಕೈಯೇ ವಚನಗಳನ್ನೂ ರಚಿಸಿತು. ಕಸ ಗುಡಿಸುವವಳನ್ನು ಅನುಭಾವಿಗಳ ಸಾಲಿನಲ್ಲಿ ಕುಳ್ಳಿರಿಸಿದ ಪರಂಪರೆಗೆ ಸೇರಿದ ನಾವು, ಇಂದು ನಮ್ಮ ಮನೆಯ ಕಸವನ್ನು ಹೊತ್ತೊಯ್ಯುವ ಪೌರಕಾರ್ಮಿಕರನ್ನು ಹೇಗೆ ಕಾಣುತ್ತಿದ್ದೇವೆ? ಉತ್ತರವು ನಮ್ಮ ಕಸದ ಬುಟ್ಟಿಯಲ್ಲಿಯೇ ಇದೆ.

ಅನ್ನ, ಕಾಗದ, ಒಡೆದ ಗಾಜು, ಬಳಸಿದ ಬ್ಲೇಡು ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿ ಗಂಟು ಹಾಕಿದರೆ, ಆ ಗಂಟನ್ನು ಬಿಚ್ಚುವವರ ಬೆರಳು ಕೊಯ್ಯುತ್ತದೆ. ತೊಯ್ದ ಕಾಗದವು ಮರುಬಳಕೆಗೆ ಒದಗುವುದಿಲ್ಲ. ಪ್ಲಾಸ್ಟಿಕ್ಕು ಬೆರೆತ ಅಡುಗೆಯ ಕಸವು ಒಳ್ಳೆಯ ಗೊಬ್ಬರವಾಗುವುದಿಲ್ಲ. ಹೀಗೆ ಎರಡೂ ಕೆಟ್ಟು ಯಾವುದೋ ಊರಿನ ಅಂಚಿಗೆ ಹೋಗಿ ಬೀಳುತ್ತವೆ. ಬೆಂಗಳೂರಿನ ಕಸವನ್ನು ವರ್ಷಗಟ್ಟಲೆ ಸಹಿಸಿದ ಮಂಡೂರಿನ ಜನರು 2014ರಲ್ಲಿ ಪ್ರತಿಭಟನೆಗೆ ಇಳಿದುದನ್ನು ನಾವು ಮರೆಯಲಾಗದು. ನಮ್ಮ ಅಂಗಳದ ಶುಚಿಯು ಇನ್ನೊಬ್ಬರ ಬಾವಿಯ ನೀರನ್ನು ಕೆಡಿಸುವುದಾದರೆ ಅದು ಶುಚಿಯೇ ಅಲ್ಲ.

ಕ್ರಮವು ಕಠಿಣವಲ್ಲ. 2015ರ ಡಿಸೆಂಬರಿನಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು ಬೆಂಗಳೂರಿಗೆ ವಿಧಿಸಿದ ‘ಎರಡು ಬುಟ್ಟಿ, ಒಂದು ಚೀಲ’ದ ಪದ್ಧತಿಯನ್ನು ಯಾವ ಊರಿನವರೂ ಅನುಸರಿಸಬಹುದು. ಹಸಿರು ಬುಟ್ಟಿಗೆ ಹಸಿ ಕಸ: ತರಕಾರಿ ಸಿಪ್ಪೆ, ಉಳಿದ ಅಡುಗೆ, ಚಹಾಪುಡಿಯ ಚರಟ. ಚೀಲಕ್ಕೆ ಒಣ ಕಸ: ಕಾಗದ, ರಟ್ಟು, ಲೋಹ, ಪ್ಲಾಸ್ಟಿಕ್ಕು. ಹಾಲಿನ ಪೊಟ್ಟಣವನ್ನು ತೊಳೆದು ಒಣಗಿಸಿಯೇ ಇದರಲ್ಲಿ ಹಾಕಬೇಕು. ಕೆಂಪು ಬುಟ್ಟಿಗೆ ಸ್ಯಾನಿಟರಿ ಪ್ಯಾಡು, ಡೈಪರು, ಬ್ಯಾಂಡೇಜು ಮುಂತಾದವು. ಇವನ್ನು ಕಾಗದದಲ್ಲಿ ಸುತ್ತಿ ಗುರುತು ಮಾಡಬೇಕು. ಒಡೆದ ಗಾಜನ್ನೂ ದಪ್ಪ ಕಾಗದದಲ್ಲಿ ಸುತ್ತಿ, ಗಾಜೆಂದು ಹೇಳಿಯೇ ಕೈಗೆ ಕೊಡಬೇಕು. ಬ್ಯಾಟರಿ, ಪಾದರಸವಿರುವ ಟ್ಯೂಬ್‌ಲೈಟು ಇವುಗಳನ್ನು ಯಾವುದರೊಂದಿಗೂ ಬೆರೆಸದೆ ಪ್ರತ್ಯೇಕವಾಗಿ ಇರಿಸಬೇಕು.

ಪೂಜೆಯ ಪತ್ರೆ-ಪುಷ್ಪಗಳ ವಿಷಯದಲ್ಲಿ ಭಕ್ತರು ವಿಶೇಷವಾಗಿ ಯೋಚಿಸಬೇಕು. ಅವನ್ನು ಪ್ಲಾಸ್ಟಿಕ್ ಚೀಲದ ಸಮೇತ ಹೊಳೆಗೆ ಎಸೆಯುವುದರಿಂದ ಪತ್ರೆಗೂ ಗೌರವವಿಲ್ಲ, ಹೊಳೆಗೂ ಗೌರವವಿಲ್ಲ. ದಾರ ಬಿಡಿಸಿ, ಒಣ ಎಲೆಗಳೊಂದಿಗೆ ಗೊಬ್ಬರದ ಗುಂಡಿಗೆ ಸೇರಿಸಿದರೆ ಅದೇ ಪತ್ರೆಯು ಮತ್ತೊಂದು ಬಿಲ್ವದ ಬೇರಿಗೆ ಆಹಾರವಾಗುತ್ತದೆ. ದಾಸೋಹದಲ್ಲಿಯೂ ಪ್ಲಾಸ್ಟಿಕ್ ಲೇಪನದ ತಟ್ಟೆಗಳಿಗಿಂತ ಬಾಳೆಯೆಲೆ, ಅಡಿಕೆ ಹಾಳೆಯ ತಟ್ಟೆ, ತೊಳೆದು ಬಳಸುವ ಸ್ಟೀಲು ತಟ್ಟೆಗಳೇ ಮೇಲು.

“ನಾವು ಬೇರ್ಪಡಿಸಿ ಕೊಟ್ಟರೂ ಗಾಡಿಯಲ್ಲಿ ಎಲ್ಲವನ್ನೂ ಬೆರೆಸುತ್ತಾರೆ” ಎಂಬ ಆಕ್ಷೇಪಣೆಯುಂಟು. ಕೆಲವೆಡೆ ಅದು ನಿಜವೇ. ಹಾಗೆ ಬೆರೆಸಿದಲ್ಲಿ ಸ್ಥಳೀಯ ಸಂಸ್ಥೆಯನ್ನು ಪ್ರಶ್ನಿಸುವುದು ನಾಗರಿಕರ ಹಕ್ಕು. ಆದರೆ ಬೆರೆಸಿಯೇ ಕೊಟ್ಟವರಿಗೆ ಪ್ರಶ್ನಿಸುವ ನೈತಿಕ ಬಲವೆಲ್ಲಿಯದು? ಮೇಲಾಗಿ, ನಾವು ಸುತ್ತಿ ಕೊಟ್ಟ ಗಾಜು ಗಾಡಿಯಲ್ಲಿ ಬೆರೆತರೂ ಅದನ್ನು ಎತ್ತುವ ಕೈಯನ್ನು ಕಾಯುತ್ತದೆ. ಇನ್ನೊಬ್ಬರು ಮಾಡಲಿಲ್ಲವೆಂದು ತನ್ನ ಕಾಯಕವನ್ನು ಬಿಡುವುದು ಶರಣರ ದಾರಿಯಲ್ಲ.

ಕಸ ಗುಡಿಸುವುದನ್ನು ಕಾಯಕವೆಂದು ಗೌರವಿಸುವ ನಾವು, ಆ ಕಾಯಕದ ಭಾರವನ್ನು ನಮ್ಮ ಅಲಕ್ಷ್ಯದಿಂದ ಹೆಚ್ಚಿಸದಿರೋಣ.