ಈಸ್ಟರ್ ಪ್ರತಿವರ್ಷ ದಿನ ಬದಲಿಸುವುದೇಕೆ?

ಕ್ರಿಸ್‌ಮಸ್ ಯಾವತ್ತು ಎಂದು ಕೇಳಿದರೆ ಒಂದನೇ ತರಗತಿಯ ಮಗುವೂ ಡಿಸೆಂಬರ್ 25 ಎನ್ನುತ್ತದೆ. ಈಸ್ಟರ್ ಯಾವತ್ತು ಎಂದು ಕೇಳಿದರೆ ಮಾತ್ರ ಅಪ್ಪ ಅಮ್ಮಂದಿರೂ ಗೋಡೆಯ ಕ್ಯಾಲೆಂಡರಿನತ್ತ ತಿರುಗಬೇಕಾಗುತ್ತದೆ. 2024ರಲ್ಲಿ ಈಸ್ಟರ್ ಮಾರ್ಚ್ 31ಕ್ಕೆ ಬಂತು. 2025ರಲ್ಲಿ ಏಪ್ರಿಲ್ 20ಕ್ಕೆ. 2026ರ ಈಸ್ಟರ್ ಏಪ್ರಿಲ್ 5ಕ್ಕೆ. ಈ ಹಬ್ಬ ಮಾರ್ಚ್ 22ಕ್ಕಿಂತ ಮೊದಲು ಬರುವುದಿಲ್ಲ, ಏಪ್ರಿಲ್ 25ನ್ನು ದಾಟುವುದಿಲ್ಲ. ನಡುವಿನ 35 ದಿನಗಳಲ್ಲಿ ಎಲ್ಲಿ ಬೇಕಾದರೂ ಬರಬಹುದು. ಅದಕ್ಕೆ ಎರಡು ದಿನ ಮೊದಲಿನ ಗುಡ್ ಫ್ರೈಡೇ ರಜೆ ಕೆಲವು ವರ್ಷ ಪರೀಕ್ಷೆಯ ನಡುವೆ ಸಿಕ್ಕಿ, ಕೆಲವು ವರ್ಷ ಬೇಸಿಗೆ ರಜೆಯಲ್ಲಿ ಕಳೆದುಹೋಗುವುದೂ ಇದರಿಂದಲೇ.

ಪಂಚಾಂಗ ನೋಡುವ ಮನೆಗಳಿಗೆ ಇದು ತೀರ ಹೊಸ ಸಂಗತಿಯಲ್ಲ. ಮಕರ ಸಂಕ್ರಾಂತಿ ಹೆಚ್ಚುಕಡಿಮೆ ಜನವರಿ 14 ಅಥವಾ 15ಕ್ಕೇ ಬರುತ್ತದೆ. ಚಾಂದ್ರಮಾನ ಯುಗಾದಿ ಹಾಗಲ್ಲ. ಮಾರ್ಚ್-ಏಪ್ರಿಲ್ ನಡುವೆ ಓಡಾಡುತ್ತದೆ. ಸಂಕ್ರಾಂತಿ ಸೂರ್ಯನ ಲೆಕ್ಕದ ಹಬ್ಬ, ಯುಗಾದಿಯಲ್ಲಿ ಚಂದ್ರನ ಲೆಕ್ಕವೂ ಸೇರಿದೆ. ಕ್ರೈಸ್ತರ ಹಬ್ಬಗಳಲ್ಲೂ ಹೀಗೆಯೇ ಎರಡು ಬಗೆ. ಕ್ರಿಸ್‌ಮಸ್ ಸೂರ್ಯನ ವರ್ಷಕ್ಕೆ ಕಟ್ಟಿದ ಹಬ್ಬ. ಈಸ್ಟರ್‌ಗೆ ಸೂರ್ಯನೂ ಬೇಕು, ಚಂದ್ರನೂ ಬೇಕು. ಅದು ಸಾಲದೆಂಬಂತೆ ಭಾನುವಾರವೂ ಆಗಬೇಕು. ಮೂರು ಗಾಲಿಗಳನ್ನು ಒಟ್ಟಿಗೆ ಉರುಳಿಸುವ ಈ ಕಷ್ಟದಿಂದಲೇ ಇಂದು ಪ್ರಪಂಚವೆಲ್ಲ ಬಳಸುವ ಕ್ಯಾಲೆಂಡರ್ ಹುಟ್ಟಿತು.

ಯೇಸುಕ್ರಿಸ್ತ ಶಿಲುಬೆಗೇರಿದ್ದು ಯೆಹೂದ್ಯರ ಪಸ್ಕ ಹಬ್ಬದ ಸಮಯದಲ್ಲಿ ಎಂದು ಬೈಬಲ್ ಹೇಳುತ್ತದೆ. ಮೂರನೆಯ ದಿನ, ಅಂದರೆ ಭಾನುವಾರ, ಆತ ಪುನರುತ್ಥಾನ ಹೊಂದಿದನೆಂಬುದು ಕ್ರೈಸ್ತರ ನಂಬಿಕೆ. ಪಸ್ಕ ಯೆಹೂದ್ಯರ ನಿಸಾನ್ ಮಾಸದ ಹುಣ್ಣಿಮೆಗೆ ಬರುವ ವಸಂತ ಕಾಲದ ಹಬ್ಬ. ಈಜಿಪ್ಟಿನ ಗುಲಾಮಗಿರಿಯಿಂದ ಬಿಡುಗಡೆ ಹೊಂದಿದ ನೆನಪು ಅದು. ಯೆಹೂದ್ಯರ ಪಂಚಾಂಗದಲ್ಲೂ ನಮ್ಮಲ್ಲಿಯಂತೆ ಆಗಾಗ ಅಧಿಕ ಮಾಸ ಸೇರಿಸುತ್ತಾರೆ. 12 ಚಾಂದ್ರಮಾಸಗಳು ಸೇರಿದರೆ ಸುಮಾರು 354 ದಿನ ಮಾತ್ರ. ಸೂರ್ಯನ ವರ್ಷಕ್ಕೆ 11 ದಿನ ಕಡಿಮೆ. ಆ ಕೊರತೆ ತುಂಬದಿದ್ದರೆ ವಸಂತದ ಹಬ್ಬ ಚಳಿಗಾಲಕ್ಕೆ ಸರಿದುಬಿಡುತ್ತದೆ.

ಮೊದಲ ಕ್ರೈಸ್ತರಲ್ಲಿ ಇದೇ ದಿನದ ಬಗ್ಗೆ ಭಿನ್ನಾಭಿಪ್ರಾಯ ಹುಟ್ಟಿತು. ಇಂದಿನ ತುರ್ಕಿ ಭಾಗದವರು ನಿಸಾನ್ 14ರಂದೇ, ವಾರ ಯಾವುದಾದರೂ ಸರಿ, ಹಬ್ಬ ಆಚರಿಸುತ್ತಿದ್ದರು. ಭಾನುವಾರವೇ ಆಗಬೇಕೆಂಬುದು ರೋಮಿನವರ ವಾದ. ಎರಡನೆಯ ಶತಮಾನದಲ್ಲಿ ಸ್ಮಿರ್ನಾದ ಬಿಷಪ್ ಪಾಲಿಕಾರ್ಪ್ ರೋಮಿಗೆ ಹೋಗಿ ಅಲ್ಲಿಯ ಬಿಷಪ್ ಅನಿಸೆಟಸ್ ಜತೆ ಚರ್ಚಿಸಿದ. ಒಬ್ಬರು ಇನ್ನೊಬ್ಬರನ್ನು ಒಪ್ಪಿಸಲಾಗಲಿಲ್ಲ. ಆದರೂ ಜಗಳವಾಡದೆ ಸ್ನೇಹದಿಂದಲೇ ಬೀಳ್ಕೊಂಡರು. ಮುಂದಿನವರಿಗೆ ಅಷ್ಟು ತಾಳ್ಮೆ ಇರಲಿಲ್ಲ. ಕೊನೆಗೆ ಕ್ರಿ.ಶ. 325ರಲ್ಲಿ ಚಕ್ರವರ್ತಿ ಕಾನ್‌ಸ್ಟಂಟೈನ್ ನೈಸಿಯಾದಲ್ಲಿ ಕರೆದ ಮಹಾಸಭೆ, ಎಲ್ಲ ಕ್ರೈಸ್ತರೂ ಒಂದೇ ಭಾನುವಾರ ಈಸ್ಟರ್ ಆಚರಿಸಬೇಕೆಂದು ತೀರ್ಮಾನಿಸಿತು.

ಕಾಲಕ್ರಮದಲ್ಲಿ ನೆಲೆಗೊಂಡ ನಿಯಮ ಇದು: ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಮೊದಲ ಹುಣ್ಣಿಮೆ ಕಳೆದ ಮೇಲಿನ ಭಾನುವಾರ ಈಸ್ಟರ್. ಹುಣ್ಣಿಮೆ ಭಾನುವಾರವೇ ಬಂದರೆ ಹಬ್ಬ ಮುಂದಿನ ಭಾನುವಾರಕ್ಕೆ. ಮಾರ್ಚ್ 21 ಏಕೆಂದರೆ, ಹಗಲು ಇರುಳು ಸಮವಾಗುವ ವಿಷುವ ದಿನವೆಂದು ಅದನ್ನು ಹಿಡಿದಿದ್ದರು. ಹುಣ್ಣಿಮೆಯನ್ನು ಮುಂಚೆಯೇ ಲೆಕ್ಕಹಾಕುವ ಕೆಲಸದಲ್ಲಿ ಖಗೋಳ ವಿದ್ಯೆಗೆ ಹೆಸರಾದ ಅಲೆಗ್ಸಾಂಡ್ರಿಯಾ ನಗರದವರು ಮುಂದಿದ್ದರು. ಅವರ ಕೈಗೆ ಸಿಕ್ಕ ಉಪಕರಣ 19 ವರ್ಷಗಳ ಚಕ್ರ. 19 ಸೌರವರ್ಷಗಳೂ 235 ಚಾಂದ್ರಮಾಸಗಳೂ ಸರಿಸುಮಾರು ಒಂದೇ ಅವಧಿ; ಎರಡೂ 6,940 ದಿನಗಳ ಹತ್ತಿರ. ಆದ್ದರಿಂದ ಇಂದಿನ ಹುಣ್ಣಿಮೆ 19 ವರ್ಷಗಳ ನಂತರ ಹೆಚ್ಚುಕಡಿಮೆ ಇದೇ ತಾರೀಖಿಗೆ ಮರಳುತ್ತದೆ.

ಈ ಚಕ್ರ ಹಿಡಿದು ಕ್ರಿ.ಶ. 525ರಲ್ಲಿ ರೋಮಿನಲ್ಲಿದ್ದ ಡಯೊನೀಸಿಯಸ್ ಎಂಬ ಸನ್ಯಾಸಿ ಈಸ್ಟರ್ ದಿನಗಳ ಒಂದು ಕೋಷ್ಟಕ ಬರೆದ. ಹಿಂದಿನ ಕೋಷ್ಟಕಗಳಲ್ಲಿ ವರ್ಷಗಳನ್ನು ಡಯೊಕ್ಲೀಷಿಯನ್ ಚಕ್ರವರ್ತಿಯ ಕಾಲದಿಂದ ಎಣಿಸುತ್ತಿದ್ದರು. ಕ್ರೈಸ್ತರನ್ನು ಹಿಂಸಿಸಿದವನ ಹೆಸರಿನಲ್ಲಿ ಹಬ್ಬದ ಲೆಕ್ಕವೇಕೆ ಎಂದು ಡಯೊನೀಸಿಯಸ್ ಕ್ರಿಸ್ತನ ಜನನದಿಂದ ಎಣಿಸಿದ. ನಾವು ಶಾಲೆಯ ಕಾಪಿ ಪುಸ್ತಕದಿಂದ ಬ್ಯಾಂಕಿನ ಚೆಕ್ಕಿನವರೆಗೆ ಬರೆಯುವ ಇಸವಿ ಹೀಗೆ ಈಸ್ಟರ್ ಕೋಷ್ಟಕದ ಒಂದು ಕಂಬಸಾಲಿನಿಂದ ಬಂದದ್ದು.

ಈಸ್ಟರ್ ದಿನ ಗೊತ್ತಾದರೆ ಅದಕ್ಕೆ ಜೋತುಬಿದ್ದ ಇತರ ದಿನಗಳೂ ಗೊತ್ತಾಗುತ್ತವೆ. 46 ದಿನ ಹಿಂದಕ್ಕೆ ಎಣಿಸಿದರೆ ಬೂದಿ ಬುಧವಾರ. ಹಿಂದಿನ ವರ್ಷ ಆಶೀರ್ವದಿಸಿದ ಗರಿಗಳನ್ನು ಸುಟ್ಟ ಬೂದಿಯನ್ನು ಅಂದು ಹಣೆಗೆ ಇಡುತ್ತಾರೆ. ಅಲ್ಲಿಂದ ತಪಸ್ಸು ಕಾಲ. ನಡುವಿನ ಆರು ಭಾನುವಾರ ಬಿಟ್ಟರೆ ಸರಿಯಾಗಿ 40 ದಿನ. ಈಸ್ಟರ್‌ಗೆ ಒಂದು ವಾರ ಮೊದಲು ಗರಿಗಳ ಭಾನುವಾರ. ಯೇಸು ಜೆರುಸಲೇಮಿಗೆ ಬಂದಾಗ ಜನ ಗರಿ ಹಿಡಿದು ಸ್ವಾಗತಿಸಿದ ನೆನಪು ಅದು. ಈಸ್ಟರ್‌ನಿಂದ ಮುಂದಕ್ಕೆ 50ನೆಯ ದಿನ ಪೆಂಟೆಕೋಸ್ಟ್. ಈಸ್ಟರ್ ಮೊಟ್ಟೆಗೂ ಇದೇ ಲೆಕ್ಕದಲ್ಲಿ ಕಾರಣವಿದೆ. ಹಿಂದೆ ಯೂರೋಪಿನಲ್ಲಿ ತಪಸ್ಸು ಕಾಲದಲ್ಲಿ ಮಾಂಸದ ಜತೆ ಮೊಟ್ಟೆಯನ್ನೂ ತಿನ್ನುವಂತಿರಲಿಲ್ಲ. ಕೋಳಿಗೆ ವ್ರತ ಗೊತ್ತಿಲ್ಲವಲ್ಲ! 40 ದಿನ ಕೂಡಿಬಿದ್ದ ಮೊಟ್ಟೆ ಹಬ್ಬದ ದಿನ ಬಣ್ಣ ಬಳಿದುಕೊಂಡು ಮಕ್ಕಳ ಕೈಸೇರಿತು. ಮುಂದೆ ಅದು ಹೊಸ ಜೀವದ ಗುರುತೂ ಆಯಿತು.

ಇಷ್ಟೆಲ್ಲ ಅಚ್ಚುಕಟ್ಟಾದ ಲೆಕ್ಕದಲ್ಲಿ ಒಂದು ಹುಳುಕಿತ್ತು. ಜೂಲಿಯಸ್ ಸೀಸರನ ಕ್ಯಾಲೆಂಡರ್ ವರ್ಷಕ್ಕೆ 365 ಕಾಲು ದಿನ ಹಿಡಿಯುತ್ತಿತ್ತು. ನಿಜವಾದ ವರ್ಷ ಅದಕ್ಕಿಂತ ಸುಮಾರು 11 ನಿಮಿಷ ಚಿಕ್ಕದು. 11 ನಿಮಿಷ ಏನು ಮಹಾ ಎನ್ನಬಹುದು. ಆದರೆ ಅದು 128 ವರ್ಷಕ್ಕೆ ಒಂದು ದಿನವಾಗುತ್ತದೆ. ನೈಸಿಯಾ ಸಭೆಯಿಂದ 16ನೆಯ ಶತಮಾನದ ಹೊತ್ತಿಗೆ ಹತ್ತು ದಿನವಾಗಿತ್ತು. ಆಕಾಶದಲ್ಲಿ ವಿಷುವ ಮಾರ್ಚ್ 11ಕ್ಕೇ ಬಂದು ಹೋಗುತ್ತಿದ್ದರೂ ಚರ್ಚು ಮಾರ್ಚ್ 21ಕ್ಕೆ ಕಾಯುತ್ತಿತ್ತು. ಹಾಗೇ ಬಿಟ್ಟಿದ್ದರೆ ವಸಂತದ ಈಸ್ಟರ್ ಒಂದು ದಿನ ಕಡುಬೇಸಿಗೆಗೆ ಜಾರುತ್ತಿತ್ತು.

ಪೋಪ್ ಹದಿಮೂರನೆಯ ಗ್ರೆಗರಿ ಇದಕ್ಕಾಗಿ ಸಮಿತಿ ನೇಮಿಸಿದ. ಇಟಲಿಯ ವೈದ್ಯ ಅಲೋಷಿಯಸ್ ಲಿಲಿಯಸ್ ರೂಪಿಸಿದ ಯೋಜನೆಯನ್ನು ಗಣಿತಜ್ಞ ಪಾದ್ರಿ ಕ್ಲೇವಿಯಸ್ ಸಮರ್ಥಿಸಿ ವಿವರಿಸಿದ. 1582ರ ಅಕ್ಟೋಬರ್ 4, ಗುರುವಾರದ ಮರುದಿನವನ್ನು ಅಕ್ಟೋಬರ್ 15, ಶುಕ್ರವಾರ ಎಂದು ಕರೆಯಲಾಯಿತು. ವಾರ ತಪ್ಪಲಿಲ್ಲ, ಹತ್ತು ತಾರೀಖುಗಳು ಮಾತ್ರ ಮಾಯವಾದವು. ಸ್ಪೇನಿನ ಆವಿಲಾದ ಸಂತ ತೆರೇಸಾ ತೀರಿಕೊಂಡದ್ದು ಅದೇ ರಾತ್ರಿ. ಆಕೆಯ ಹಬ್ಬ ಇಂದಿಗೂ ಅಕ್ಟೋಬರ್ 15ಕ್ಕೆ ನಡೆಯುತ್ತದೆ. ಮುಂದೆ ತಪ್ಪು ಮರುಕಳಿಸದಂತೆ, ಶತಮಾನದ ಕೊನೆಯ ವರ್ಷ 400ರಿಂದ ಭಾಗವಾದರೆ ಮಾತ್ರ ಅಧಿಕ ವರ್ಷ ಎಂಬ ನಿಯಮ ಬಂತು. 1900ರ ಫೆಬ್ರವರಿಗೆ 28 ದಿನ, 2000ದ ಫೆಬ್ರವರಿಗೆ 29 ದಿನ ಇದ್ದದ್ದು ಇದರಿಂದ.

ಹೊಸ ಲೆಕ್ಕ ಸರಿಯೇ ಎಂದು ಪರೀಕ್ಷಿಸಲು ಚರ್ಚುಗಳೇ ವೀಕ್ಷಣಾಲಯಗಳಾದವು. ಬೊಲೋನ್ಯಾ ನಗರದ ಸಾನ್ ಪೆಟ್ರೋನಿಯೊ ಚರ್ಚಿನ ಚಾವಣಿಯಲ್ಲಿ ಒಂದು ಚಿಕ್ಕ ತೂತಿದೆ. ನಡುಹಗಲಿನಲ್ಲಿ ಅದರಿಂದ ಇಳಿಯುವ ಬಿಸಿಲ ಬಿಲ್ಲೆ ನೆಲದ ಮೇಲಿನ ಸುಮಾರು 67 ಮೀಟರ್ ಉದ್ದದ ಗೆರೆಯನ್ನು ಹಾಯುತ್ತದೆ. ಖಗೋಳ ವಿಜ್ಞಾನಿ ಕಸ್ಸೀನಿ 1655ರಲ್ಲಿ ಹಾಕಿಸಿದ ಈ ಗೆರೆಯ ಮೇಲೆ ವಿಷುವದ ದಿನವನ್ನು ಕಣ್ಣಾರೆ ಅಳೆಯಬಹುದಿತ್ತು.

ಸರಿಯಾದ ಲೆಕ್ಕವಾದರೂ ಎಲ್ಲರೂ ತಕ್ಷಣ ಒಪ್ಪಲಿಲ್ಲ. ಬ್ರಿಟನ್ 170 ವರ್ಷ ತಡಮಾಡಿ 1752ರಲ್ಲಿ ಒಪ್ಪಿಕೊಂಡಿತು. ಆ ವೇಳೆಗೆ 11 ದಿನ ಬಿಡಬೇಕಾಯಿತು. ರಷ್ಯಾ, ಗ್ರೀಸ್ ಮೊದಲಾದ ಕಡೆಯ ಆರ್ಥಡಾಕ್ಸ್ ಚರ್ಚುಗಳು ಈಸ್ಟರ್‌ಗೆ ಇಂದಿಗೂ ಹಳೆಯ ಲೆಕ್ಕವನ್ನೇ ಬಳಸುತ್ತವೆ. 2024ರಲ್ಲಿ ಅವರ ಈಸ್ಟರ್ ಮೇ 5ಕ್ಕೆ ಬಂತು. ನೈಸಿಯಾ ಸಭೆಗೆ 1,700 ವರ್ಷ ತುಂಬಿದ 2025ರಲ್ಲಿ ಎರಡೂ ಏಪ್ರಿಲ್ 20ಕ್ಕೇ ಕೂಡಿಬಂದದ್ದು ಲೆಕ್ಕದ ಆಕಸ್ಮಿಕ. ಒಂದೇ ದಿನ ಗೊತ್ತುಮಾಡುವ ಪ್ರಯತ್ನಗಳೂ ನಡೆದಿವೆ. ಏಪ್ರಿಲಿನ ಎರಡನೆಯ ಶನಿವಾರದ ಮರುದಿನ ಎಂದು ಬ್ರಿಟನ್ 1928ರಲ್ಲಿ ಕಾನೂನನ್ನೇ ಮಾಡಿತು. ಜಾರಿಗೆ ಮಾತ್ರ ತರಲಿಲ್ಲ. 1997ರಲ್ಲಿ ಸಿರಿಯಾದ ಅಲೆಪ್ಪೊದಲ್ಲಿ ಸೇರಿದ ಚರ್ಚುಗಳ ಪ್ರತಿನಿಧಿಗಳು, ಜೆರುಸಲೇಮಿನ ಆಕಾಶಕ್ಕೆ ಸರಿಹೊಂದುವ ವಿಷುವ ಮತ್ತು ಹುಣ್ಣಿಮೆಯನ್ನು ವಿಜ್ಞಾನದ ನಿಖರ ಲೆಕ್ಕದಿಂದ ಹಿಡಿಯೋಣ ಎಂದು ಸಲಹೆ ಮಾಡಿದರು. ಗಣಿತ ಸುಲಭವಾಗಿತ್ತು, ಮನಸ್ಸುಗಳ ಒಪ್ಪಿಗೆ ಸುಲಭವಾಗಿರಲಿಲ್ಲ.

ಈಸ್ಟರ್ ದಿನವನ್ನು ಕೂಡು-ಗುಣಿಸು-ಭಾಗಿಸು ಬಲ್ಲ ಯಾರೂ ಕಂಡುಹಿಡಿಯಬಹುದು. ಗಣಿತಜ್ಞ ಗೌಸ್ 1800ರಲ್ಲಿ ಕೊಟ್ಟ ವಿಧಾನ 1900ರಿಂದ 2099ರವರೆಗೆ ಹೀಗೆ ನಡೆಯುತ್ತದೆ. ಇಸವಿಯನ್ನು 19, 4, 7ರಿಂದ ಬೇರೆಬೇರೆಯಾಗಿ ಭಾಗಿಸಿ ಶೇಷ ಬರೆದಿಡಿ. 2026ಕ್ಕೆ ಅವು 12, 2, 3. ಮೊದಲ ಶೇಷವನ್ನು 19ರಿಂದ ಗುಣಿಸಿ 24 ಕೂಡಿಸಿ, 30ರಿಂದ ಭಾಗಿಸಿ: 252ಕ್ಕೆ ಶೇಷ 12. ಇದು ನಾಲ್ಕನೆಯ ಸಂಖ್ಯೆ. ಈಗ ಎರಡನೆಯದರ ಎರಡರಷ್ಟು, ಮೂರನೆಯದರ ನಾಲ್ಕರಷ್ಟು, ನಾಲ್ಕನೆಯದರ ಆರರಷ್ಟು, ಜತೆಗೆ 5 ಕೂಡಿಸಿ, 7ರಿಂದ ಭಾಗಿಸಿ: 93ಕ್ಕೆ ಶೇಷ 2. ಕೊನೆಯ ಎರಡು ಶೇಷಗಳನ್ನು ಮಾರ್ಚ್ 22ಕ್ಕೆ ಸೇರಿಸಿ: 22+12+2=36. ಮಾರ್ಚ್ 36 ಎಂದರೆ ಏಪ್ರಿಲ್ 5. ಎಲ್ಲೋ ಅಪರೂಪಕ್ಕೆ ಉತ್ತರ ಒಂದು ವಾರ ಮುಂದೆ ಬರುವುದುಂಟು. 1954, 1981, 2049, 2076 ಅಂಥ ವರ್ಷಗಳು. ಆಗ ಏಳು ದಿನ ಕಳೆಯಬೇಕು.

ಲೆಕ್ಕ ಬೇಡವೆನ್ನುವವರು ಗುಡ್ ಫ್ರೈಡೇ ರಾತ್ರಿ ಆಕಾಶ ನೋಡಿದರೆ ಸಾಕು. ಅಮಾವಾಸ್ಯೆಯ ಕತ್ತಲು ಅಂದು ಇರುವುದೇ ಇಲ್ಲ. ಹುಣ್ಣಿಮೆಯ ಆಸುಪಾಸಿನ ಚಂದ್ರನೇ ಇರುತ್ತಾನೆ. 2024ರ ಈಸ್ಟರ್‌ಗೆ ದಾರಿ ತೋರಿಸಿದ್ದು ನಮ್ಮ ಹೋಳಿ ಹುಣ್ಣಿಮೆ. 2026ರದಕ್ಕೆ ಚೈತ್ರದ ದವನದ ಹುಣ್ಣಿಮೆ. ಪಂಚಾಂಗ ಬೇರೆ, ಪ್ರಾರ್ಥನೆ ಬೇರೆ. ಎಲ್ಲರೂ ತಲೆಯೆತ್ತಿ ನೋಡಿ ದಿನ ಎಣಿಸಿದ್ದು ಒಬ್ಬನೇ ಚಂದ್ರನನ್ನು.