ನೀರಿನ ದಾರಿಯೇ ಕೆರೆಯ ಉಸಿರು

ನವಿ ಮುಂಬಯಿಯ ನೆರೂಳ ಭಾಗದಲ್ಲಿ ‘ಡಿಪಿಎಸ್ ಕೆರೆ’ ಎಂದು ಕರೆಯಲ್ಪಡುವ, ಸುಮಾರು 30 ಎಕರೆಯ ಉಪ್ಪುನೀರಿನ ಜೌಗು ಪ್ರದೇಶವಿದೆ. ಠಾಣೆ ಖಾಡಿಯ ಉಬ್ಬರದ ನೀರು ಕಾಲುವೆಯ ಮೂಲಕ ಒಳಬಂದು, ಇಳಿತದೊಡನೆ ಮರಳುತ್ತದೆ. ಉಬ್ಬರದಲ್ಲಿ ಖಾಡಿಯ ಕೆಸರುದಂಡೆಗಳು ಮುಳುಗಿದಾಗ ಫ್ಲೆಮಿಂಗೊ ಹಕ್ಕಿಗಳು ಆಸರೆಗೆಂದು ಇಲ್ಲಿಗೆ ಬಂದಿಳಿಯುತ್ತವೆ.

ನೀರಿನ ಈ ದಾರಿ ಕಟ್ಟಿಕೊಂಡಿತು. 2024ರ ಬೇಸಿಗೆಯಲ್ಲಿ ಕೆರೆ ಒಣಗಿತು, ಹಲವು ಹಕ್ಕಿಗಳು ಪ್ರಾಣ ಬಿಟ್ಟವು. ಪರಿಸರಪ್ರೇಮಿಗಳ ಒತ್ತಾಯದ ಬಳಿಕ ಅಡೆತಡೆ ಸರಿಸಿದಾಗ ನೀರು ಮರಳಿತು, ಹಕ್ಕಿಗಳೂ ಮರಳಿದವು. 2025ರಲ್ಲಿ ರಾಜ್ಯ ವನ್ಯಜೀವಿ ಮಂಡಳಿಯು ಇದನ್ನು ಸಂರಕ್ಷಿತ ಪ್ರದೇಶವನ್ನಾಗಿಸಲು ಒಪ್ಪಿಗೆ ನೀಡಿತು. ಕೆರೆಯ ಪುನಶ್ಚೇತನವೆಂದರೆ ದಂಡೆಗೆ ಫರಸಿ ಹಾಸಿ ದೀಪ ಹಚ್ಚುವುದಲ್ಲ; ಮೊದಲು ನೀರಿನ ದಾರಿಯನ್ನು ಬಿಡಿಸಿಕೊಡುವುದು.

ಕಾನೂನೂ ಇದಕ್ಕೆ ಬೆಂಬಲವಾಗಿದೆ. ಕಾಂಡ್ಲಾಕಾಡಿನ ನಾಶವು ಸಂವಿಧಾನದ 21ನೆಯ ವಿಧಿಯು ನೀಡಿದ ಜೀವಿಸುವ ಹಕ್ಕಿಗೆ ಧಕ್ಕೆ ತರುತ್ತದೆಂದು ಮುಂಬಯಿ ಉಚ್ಚ ನ್ಯಾಯಾಲಯವು 2018ರಲ್ಲಿ ತೀರ್ಪಿತ್ತಿತು. 2017ರ ಕೇಂದ್ರ ನಿಯಮಗಳು ಅಧಿಸೂಚಿತ ಜೌಗು ಪ್ರದೇಶಗಳಲ್ಲಿ ಒತ್ತುವರಿಯನ್ನೂ ಕಸ ಸುರಿಯುವುದನ್ನೂ ನಿಷೇಧಿಸುತ್ತವೆ. ಕೆರೆ, ನದಿಗಳ ರಕ್ಷಣೆ ಪ್ರತಿಯೊಬ್ಬ ಪ್ರಜೆಯ ಮೂಲಭೂತ ಕರ್ತವ್ಯವೆಂದು 51ಎ ವಿಧಿಯು ಸಾರುತ್ತದೆ. ಮಕ್ಕಳು ಪೌರನೀತಿಯ ಪಾಠದಲ್ಲಿ ಓದುವುದೂ ಇದನ್ನೇ.

ಸಾಂಗಲಿ-ಮಿರಜಕ್ಕೆ ಸಮುದ್ರವಿಲ್ಲ, ಆದರೆ ಕೃಷ್ಣೆ ಇದ್ದಾಳೆ. 2019ರ ಆಗಸ್ಟ್‌ನಲ್ಲಿ ಆಯರ್ವಿನ್ ಪೂಲಿನ ಬಳಿ ನೀರು 57 ಅಡಿ ದಾಟಿದ್ದನ್ನು ಯಾವ ಮನೆಯೂ ಮರೆತಿಲ್ಲ. ಅಪಾಯದ ಮಟ್ಟ 45 ಅಡಿ. ಅಂಥ ಮಹಾಪೂರವನ್ನು ಊರಿನ ಕೆರೆಗಳು ತಡೆಯಲಾರವು. ಆದರೆ ತಗ್ಗುನೆಲ, ನಾಲೆ, ಕೆರೆಗಳು ಮಳೆನೀರಿಗೆ ತಾವು ಕೊಡುತ್ತವೆ. ಅವುಗಳನ್ನು ಮಣ್ಣಿನಿಂದ ತುಂಬಿದರೆ ಆ ನೀರು ಮನೆಯ ಹೊಸ್ತಿಲನ್ನೇ ಹುಡುಕಿಕೊಂಡು ಬರುತ್ತದೆ.

ಆದ್ದರಿಂದ ಪಾಲಕರು ಮಾಡಬಹುದಾದ ಕೆಲಸವೊಂದಿದೆ. ಓಣಿಯ ನಾಲೆ ಎಲ್ಲಿಂದ ಬಂದು ಎಲ್ಲಿ ಸೇರುತ್ತದೆಂಬುದನ್ನು ಮಕ್ಕಳೊಡನೆ ನಡೆದು ನೋಡಬೇಕು. ಮುಚ್ಚಿಹೋಗಿದ್ದರೆ ಭೂಮಿ ಅಭಿಲೇಖ ಕಚೇರಿಯ ನಕಾಶೆಯೊಂದಿಗೆ ತಾಳೆ ನೋಡಿ, ಮಹಾನಗರಪಾಲಿಕೆಗೆ ಲಿಖಿತ ಅರ್ಜಿ ಕೊಟ್ಟು, ಪ್ರತಿಯ ಮೇಲೆ ಸ್ವೀಕೃತಿಯ ಶಿಕ್ಕಾ ಪಡೆಯಬೇಕು. ಬಾಯಿಮಾತಿನ ದೂರು ಗಾಳಿಗೆ ಹೋಗುತ್ತದೆ. ಶಿಕ್ಕಾ ಬಿದ್ದ ಕಾಗದಕ್ಕೆ ಕಚೇರಿಯು ಉತ್ತರಿಸಬೇಕಾಗುತ್ತದೆ.