ಸ್ಕ್ರೂ ಡ್ರೈವರ್ ಹಿಡಿದರೆ ಮಾನ ಹೋಗುತ್ತದೆಯೇ?

ಕಳೆದ ತಿಂಗಳ ಕಾರ್ಯಕಾರಿ ಸಭೆಯಲ್ಲಿ ಸಂಘದ ಆಟದ ಕೋಣೆಯ ವಿಷಯ ಐದೇ ನಿಮಿಷದಲ್ಲಿ ತೀರ್ಮಾನವಾಯಿತು. ಎರಡು ಕೇರಂ ಬೋರ್ಡುಗಳು ಕೆಟ್ಟಿವೆ, ದಾನಿಗಳೊಬ್ಬರು ಕೊಟ್ಟ ಫೂಸ್‌ಬಾಲ್ ಮೇಜು ಅಲುಗಾಡುತ್ತದೆ. ಮೂರನ್ನೂ ಗುಜರಿಗೆ ಹಾಕಿ ಹೊಸದನ್ನು ಕೊಳ್ಳುವುದು. ವಿರೋಧಿಸಿದವರು ನಾವೊಬ್ಬರೇ. "ನಿಮಗೇನು ಸ್ವಾಮಿ, ಸೆಂಟ್ರಲ್ ಗೌರ್ನಮೆಂಟು, ಬೇಕಾದಷ್ಟು ಬಿಡುವಿದೆ" ಎಂದು ಮಹನೀಯರೊಬ್ಬರು ನಕ್ಕರು. ಅದಕ್ಕೆ ಉತ್ತರ ಅಲ್ಲಿ ಹೊಳೆಯಲಿಲ್ಲ, ಇಲ್ಲಿ ಬರೆಯುತ್ತಿದ್ದೇವೆ.

ಆ ಮೇಜು ಕೆಟ್ಟದ್ದು ಹೇಗೆಂಬುದನ್ನು ಬಾಂಧವರು ತಿಳಿಯಬೇಕು. ಅದು ಬಿಡಿಭಾಗಗಳ ಪೆಟ್ಟಿಗೆಯಾಗಿ ಬಂದಿತ್ತು. ಒಳಗೆ ಜೋಡಣೆಯ ಚಿತ್ರಗಳಿದ್ದ ಹಾಳೆಯಿತ್ತು. ಇಂಜಿನಿಯರುಗಳು, ಪ್ರೊಫೆಸರುಗಳು, ನಮ್ಮಂಥ ಬಿ.ಎಸ್ಸಿ. ಪದವೀಧರರು ಎಲ್ಲರೂ ಸುತ್ತ ನಿಂತಿದ್ದರೂ ಆ ಹಾಳೆಯನ್ನು ಬಿಚ್ಚಿ ನೋಡಿದವರು ಒಬ್ಬರೂ ಇಲ್ಲ. ಬಡಗಿಯನ್ನು ಕರೆಸಿದೆವು. ಆ ಆಟವನ್ನೇ ಕಂಡಿರದ ಆತ ತನಗೆ ನ್ಯಾಯವೆನಿಸಿದಂತೆ ಕೆಂಪು ತಂಡದ ನಾಲ್ಕು ಸರಳುಗಳನ್ನು ಒಂದು ಅರ್ಧದಲ್ಲಿ, ನೀಲಿಯ ನಾಲ್ಕನ್ನು ಇನ್ನೊಂದು ಅರ್ಧದಲ್ಲಿ ಕೂರಿಸಿ ಹೋದ. ಆತನನ್ನು ದೂರುವಂತಿಲ್ಲ. ನಮ್ಮ ಗೋಲಿ, ನಮ್ಮ ಇಬ್ಬರು, ಎದುರಾಳಿಯ ಮೂವರು, ನಮ್ಮ ಐವರು, ಅವರ ಐವರು, ನಮ್ಮ ಮೂವರು, ಅವರ ಇಬ್ಬರು, ಅವರ ಗೋಲಿ, ಹೀಗೆ 8 ಸರಳುಗಳು ಒಂದರೊಳಗೊಂದು ಸೇರಿಕೊಂಡರೆ ತಾನೇ ಆಟ? ಮಕ್ಕಳು ಎರಡು ದಿನ ತಿರುಗಿಸಿ ಬಿಟ್ಟುಬಿಟ್ಟರು. "ಈಗಿನ ಹುಡುಗರಿಗೆ ಮೊಬೈಲ್ ಒಂದಿದ್ದರೆ ಸಾಕು" ಎಂದು ಹಿರಿಯರು ನಿಟ್ಟುಸಿರುಬಿಟ್ಟರು!

ತೀರ್ಮಾನವಾದ ಮರುವಾರ ಅಧ್ಯಕ್ಷರ ಅನುಮತಿ ಪಡೆದು, ಹೈಸ್ಕೂಲಿನ ಇಬ್ಬರು ಹುಡುಗರೊಂದಿಗೆ ಮೇಜನ್ನು ಬಿಚ್ಚಿದೆವು. ಹಲಗೆ ಮರದ ಪುಡಿಯನ್ನು ಒತ್ತಿ ಮಾಡಿದ್ದು. ತಿರುಪನ್ನು ಒಮ್ಮೆ ಅತಿಯಾಗಿ ಬಿಗಿದರೆ ತೂತು ಸಡಿಲಾಗಿ ಹಿಡಿತ ಹೋಗುತ್ತದೆ. ಮದ್ದು ಕಿತ್ತ ಬೆಂಕಿಕಡ್ಡಿಗಳನ್ನು ಫೆವಿಕಾಲಿನಲ್ಲಿ ಅದ್ದಿ ತೂತಿಗೆ ತುಂಬಿ, ಒಂದು ರಾತ್ರಿ ಒಣಗಲು ಬಿಟ್ಟು, ಮರುದಿನ ಕೈಯಿಂದಲೇ ನಿಧಾನವಾಗಿ ಬಿಗಿದೆವು. ಸರಳುಗಳಿಗೆ ಯಾರೋ ಪುಣ್ಯಾತ್ಮರು ಕೊಬ್ಬರಿ ಎಣ್ಣೆ ಹಚ್ಚಿದ್ದರು. ಧೂಳು ಕೂತು ಅಂಟಾಗಿತ್ತು. ಒರೆಸಿ ಸಿಲಿಕೋನ್ ಸ್ಪ್ರೇ ಹಾಕಿದೆವು. ಕಾಲುಗಳ ಮಟ್ಟ ನೋಡಲು ರಸಮಟ್ಟವೂ ಬೇಕಾಗಲಿಲ್ಲ, ಚೆಂಡನ್ನು ನಡುವೆ ಇಟ್ಟರೆ ಸಾಕು. ಒಟ್ಟು ಖರ್ಚು 300 ರೂಪಾಯಿ ದಾಟಲಿಲ್ಲ.

ಕೇರಂ ಬೋರ್ಡುಗಳದು ಬೇರೆ ಕಥೆ. 74 ಸೆಂಟಿಮೀಟರ್ ಚೌಕದ ಪ್ಲೈವುಡ್ ಅನ್ನು ಪುಣೆಯ ನಾಲ್ಕು ತಿಂಗಳ ಮಳೆಗಾಲದಲ್ಲಿ ತೇವದ ಗೋಡೆಗೆ ಓರೆಯಾಗಿ ಒರಗಿಸಿಟ್ಟರೆ ಬಾಗದೆ ಇರುತ್ತದೆಯೇ? ಒಂದನ್ನು ಒಣ ಜಾಗದಲ್ಲಿ ಮಲಗಿಸಿ ಮೇಲೆ ಭಾರ ಹೇರಿದೆವು. ಎರಡು ವಾರಕ್ಕೆ ಬಹುಪಾಲು ಸರಿಹೋಯಿತು. ಇನ್ನೊಂದರ ಪದರಗಳೇ ಬಿಟ್ಟುಕೊಂಡಿವೆ. ಅದು ಗುಜರಿಗೆ ಹೋಗಲಿ, ನಮ್ಮ ತಕರಾರಿಲ್ಲ. (ಬೋರಿಕ್ ಪುಡಿಯನ್ನು ಎಳೆಯ ಮಕ್ಕಳ ಕೈಗೆ ಸಿಗದಂತೆ ಇಡಿ, ಹೊಟ್ಟೆಗೆ ಹೋದರೆ ವಿಷ.)

ಹೊಸದು ಅಗ್ಗ, ಸಮಯವಿಲ್ಲ ಎಂಬ ಮಾತುಗಳನ್ನು ನಾವು ನಂಬುವುದಿಲ್ಲ. ನಿಜವಾದ ಕಾರಣ ನಾಚಿಕೆ. ಒಬ್ಬರು ನಮ್ಮೊಡನೆ ಖಾಸಗಿಯಾಗಿ ಅಂದೇಬಿಟ್ಟರು: "ನಮ್ಮಪ್ಪ ಇದನ್ನೆಲ್ಲ ಮಾಡದಿರಲಿ ಅಂತ ತಾನೇ ಓದಿಸಿದ್ದು?" ನಮ್ಮ ತಂದೆ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರಾಗಿದ್ದರು. ನಮ್ಮನ್ನೂ ಓದಿಸಿದರು. ಸಂಬಳ ಸಾಲದೆಂದು ಕೊರಗಿದ್ದುಂಟು. ಪಾನಾ ಹಿಡಿದ ಕೈಗೆ ನಾಚಿದ್ದನ್ನು ಮಾತ್ರ ನಾವು ಕಾಣೆವು. ರವಿವಾರ ಓಣಿಯವರ ಸೈಕಲ್ಲು, ಸ್ಟೋವುಗಳೆಲ್ಲ ನಮ್ಮ ಕಟ್ಟೆಯ ಮೇಲೇ ಇರುತ್ತಿದ್ದವು. ಈ ನಾಚಿಕೆಯನ್ನು ಸಂಪಾದಿಸಿದವರು ನಾವು, ಕುರ್ಚಿಯ ಮೇಲೆ ಕೂತ ಮೇಲೆ. ಘರ್ಷಣೆಯ ಗುಣಾಂಕದ ಮೇಲೆ ಉತ್ತರ ಬರೆದು ಪಾಸಾದವರಿಗೆ ಸರಳು ಏಕೆ ತಿರುಗದು ಎಂದು ತಿಳಿಯಲಿಲ್ಲವಲ್ಲ!

ಇನ್ನೊಂದು ಮಾತು. ಕೆಲಸದ ನಡುವೆ ಹುಡುಗನೊಬ್ಬ "ಕಾಕಾ, ಇದು ಸೈಲ್ ಆಗಿದೆ" ಎಂದ. ಸಡಿಲ ಎಂಬ ಕನ್ನಡ ಮಾತು ಅವನಿಗೆ ಗೊತ್ತಿರಲಿಲ್ಲ. ಮರಾಠಿಯ ಬಗ್ಗೆ ನಮಗೆ ದೂರಿಲ್ಲ. ಅನ್ನ ಕೊಟ್ಟ ನಾಡಿನ ಮಾತು ಅವನಿಗೆ ಬರಲೇಬೇಕು. ಆದರೆ ಅಂದು ಸಂಜೆಯೊಳಗೆ ಸಡಿಲ, ಬಿಗಿ, ತಿರುಪು, ಮೊಳೆ, ಚಕ್ಕೆ, ಓರೆ ಎಂಬ ಮಾತುಗಳು ಅವನ ಬಾಯಲ್ಲಿದ್ದವು. ನಮ್ಮ ರವಿವಾರದ ಕನ್ನಡ ತರಗತಿಯಲ್ಲಿ ಇವನ್ನು ಯಾವ ಪಾಠದಲ್ಲಿ ಕಲಿಸುತ್ತೇವೆ?

ಬರುವ ಸಭೆಯಲ್ಲಿ ಆ ತೀರ್ಮಾನವನ್ನು ಹಿಂತೆಗೆದುಕೊಳ್ಳಬೇಕೆಂದು ಸೂಚನೆ ಕೊಟ್ಟಿದ್ದೇವೆ. ಉಳಿದ ಹಣದಲ್ಲಿ ಒಂದು ಹತಾರಗಳ ಪೆಟ್ಟಿಗೆ ಕೊಂಡು, ತಿಂಗಳ ಎರಡನೆಯ ರವಿವಾರ ಮಕ್ಕಳಿಗೆ ಆಟದ ಕೋಣೆಯನ್ನು ಬಿಟ್ಟುಕೊಡಲಿ. ನಕ್ಕ ಮಹನೀಯರೂ ದಯಮಾಡಿ ಬರಬೇಕು. ಮೇಜಿನ ಬೋಲ್ಟು ಬಿಗಿಯಲು ಎರಡು ಪಾನಾ ಬೇಕಾಗುತ್ತವೆ, ನಮ್ಮ ಬಳಿ ಇರುವುದು ಒಂದೇ.